ಹಡಗಿನ ಬಾಲ್ಕನಿ ಕ್ಯಾಬಿನ್‌ನಲ್ಲಿ ಸಣ್ಣ ಮಕ್ಕಳು: ಬುಕಿಂಗ್‌ನಿಂದ ಇಳಿಯುವವರೆಗೆ ಏನೇನು ನೋಡಿಕೊಳ್ಳಬೇಕು

"ಎರಡು ವರ್ಷದ ಮಗು ಇದೆ, ಬಾಲ್ಕನಿ ಇರುವ ಕ್ಯಾಬಿನ್ ತಗೊಳ್ಳಬಹುದಾ?" ಉಪ್ಪಳ, ಕುಂಬಳೆ, ಬದಿಯಡ್ಕದವರು, ಗಲ್ಫ್‌ನಲ್ಲಿ ಕೆಲಸ ಮಾಡುವ ನಮ್ಮವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕ್ರೂಸ್, ಅಂದರೆ ಹಡಗಿನಲ್ಲೇ ಉಳಿದುಕೊಂಡು ಸುತ್ತಾಡುವ ಪ್ರವಾಸ, ಈಗ ದೂರದ ಮಾತಲ್ಲ. ಮುಂಬೈ, ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆ ಕೋರ್ಡೇಲಿಯಾ ಎಂಬ ಕಂಪನಿಯ ಹಡಗು ಓಡಾಡಿದೆ. ಚಳಿಗಾಲದಲ್ಲಿ ದುಬೈ, ಅಬುಧಾಬಿ, ದೋಹಾಗಳಿಂದ ದೊಡ್ಡ ದೊಡ್ಡ ಹಡಗುಗಳು ಹೊರಡುತ್ತವೆ. ಮಗಳು–ಅಳಿಯ ಅಲ್ಲಿದ್ದರೆ ಊರಿನಿಂದ ಅಜ್ಜ–ಅಜ್ಜಿಯನ್ನು ಕರೆಸಿಕೊಂಡು ಎಲ್ಲರೂ ಒಟ್ಟಿಗೆ ಹೋಗಿ ಬರುತ್ತಾರೆ. ಗುಂಪಿನಲ್ಲಿ ಒಂದಾದರೂ ಸಣ್ಣ ಮಗು ಇದ್ದೇ ಇರುತ್ತದೆ.

ನನ್ನ ಉತ್ತರ ಇಷ್ಟು: ತಗೊಳ್ಳಬಹುದು. ಆದರೆ ಕೆಳಗೆ ಹೇಳಿದ್ದನ್ನು ಮಾಡುವ ತಾಳ್ಮೆ ಇದ್ದರೆ ಮಾತ್ರ. ಅಷ್ಟೆಲ್ಲ ಆಗದು ಅನ್ನಿಸಿದರೆ ಕಿಟಕಿ ಇರುವ ಕ್ಯಾಬಿನ್ ತಗೊಳ್ಳಿ. ಸಮುದ್ರ ಅಲ್ಲಿಂದಲೂ ಕಾಣುತ್ತದೆ.

ಒಂದು ವಿಷಯ ಮೊದಲೇ ಮನಸ್ಸಿನಲ್ಲಿರಲಿ. ರೇಲಿಂಗ್ ಗಿಡ್ಡ ಇದ್ದೀತು ಅನ್ನುವ ಭಯ ಎಲ್ಲರಿಗೂ ಇದೆ. ಆದರೆ ಸಣ್ಣ ಮಗು ನೆಲದಲ್ಲಿ ನಿಂತು ಹಡಗಿನ ರೇಲಿಂಗ್ ದಾಟುವುದು ಬಹಳ ಕಷ್ಟ. ಮಗುವನ್ನು ಆ ಎತ್ತರಕ್ಕೆ ಏರಿಸುವುದು ಎರಡು. ಒಂದು, ಪಕ್ಕದಲ್ಲಿಟ್ಟ ಕುರ್ಚಿ. ಇನ್ನೊಂದು, ಪ್ರೀತಿಯಿಂದ ಎತ್ತಿ ತೋರಿಸುವ ನಮ್ಮದೇ ಕೈ. ಹಾಗಾಗಿ ರೇಲಿಂಗ್‌ಗಿಂತ ಈ ಎರಡರ ಬಗ್ಗೆಯೇ ಇಲ್ಲಿ ಜಾಸ್ತಿ ಬರೆದಿದ್ದೇನೆ.

ಹಂತ 1: ಬುಕ್ ಮಾಡುವಾಗಲೇ ಯೋಚಿಸಿ

ಕ್ಯಾಬಿನ್ ಎಂದರೆ ಹಡಗಿನಲ್ಲಿ ನಿಮ್ಮ ಕೋಣೆ. ಕೆಲವರು ಸ್ಟೇಟ್‌ರೂಮ್ ಎಂದೂ ಬರೆಯುತ್ತಾರೆ, ಎರಡೂ ಒಂದೇ. ಮುಖ್ಯವಾಗಿ ಮೂರು ಬಗೆ ಇವೆ.

ಇನ್‌ಸೈಡ್ ಕ್ಯಾಬಿನ್‌ಗೆ ಕಿಟಕಿಯೇ ಇಲ್ಲ. ಬೆಲೆ ಕಡಿಮೆ. ಓಷನ್ ವ್ಯೂ ಕ್ಯಾಬಿನ್‌ಗೆ ಕಿಟಕಿ ಇದೆ, ಆದರೆ ಅದು ತೆರೆಯುವುದಿಲ್ಲ. ಗಾಜು ಗೋಡೆಗೆ ಭದ್ರವಾಗಿ ಕೂತಿರುತ್ತದೆ. ದುಂಡಗಿನ ಕಿಟಕಿಯಾದರೆ ಪೋರ್ಟ್‌ಹೋಲ್ ಅನ್ನುತ್ತಾರೆ. ಮೂರನೆಯದು ಬಾಲ್ಕನಿ ಕ್ಯಾಬಿನ್. ಇದರಲ್ಲಿ ಗಾಜಿನ ಬಾಗಿಲು ತೆರೆದು ಹೊರಗೆ ಹೋಗಿ ಕೂರಬಹುದು.

ಕೆಲವು ಹೊಸ ಹಡಗುಗಳಲ್ಲಿ ಇನ್ನೊಂದು ಬಗೆ ಬಂದಿದೆ. ಅಲ್ಲಿ ಪ್ರತ್ಯೇಕ ಬಾಲ್ಕನಿ ಇಲ್ಲ, ಕೋಣೆಯ ತುದಿಯ ಇಡೀ ಗೋಡೆಯೇ ಗಾಜು. ಒಂದು ಬಟನ್ ಒತ್ತಿದರೆ ಗಾಜಿನ ಮೇಲಿನ ಅರ್ಧ ಕೆಳಗಿಳಿಯುತ್ತದೆ. ಉಳಿದ ಅರ್ಧವೇ ರೇಲಿಂಗ್. ಮಕ್ಕಳಿಗೆ ಬಟನ್ ಎಂದರೆ ಜೀವ, ಅಲ್ವಾ? ಅಂಥ ಕ್ಯಾಬಿನ್ ಆದರೆ ಆ ಬಟನ್‌ಗೆ ಲಾಕ್ ಹೇಗೆ ಹಾಕುವುದು ಎಂದು ಬುಕ್ ಮಾಡುವಾಗಲೇ ಕೇಳಿ.

ನನ್ನನ್ನು ಕೇಳಿದರೆ ಅತಿ ಕಷ್ಟದ ವಯಸ್ಸು ಒಂದೂವರೆಯಿಂದ ಐದು. ಹತ್ತುವ ಶಕ್ತಿ ಬಂದಿರುತ್ತದೆ, ಬೀಳುವ ಭಯ ಬಂದಿರುವುದಿಲ್ಲ. ಅದಕ್ಕಿಂತ ಸಣ್ಣ ಕೂಸು ಹತ್ತುವುದು ಕಡಿಮೆ, ಆದರೆ ಅಂಬೆಗಾಲಿಟ್ಟು ಹೋಗುತ್ತದೆ. ಹೆಚ್ಚಿನ ದೊಡ್ಡ ಕಂಪನಿಗಳು ಆರು ತಿಂಗಳು ತುಂಬದ ಶಿಶುವನ್ನು ಹಡಗಿಗೆ ಹತ್ತಿಸುವುದೇ ಇಲ್ಲ. ಹಲವು ದಿನ ದಡ ಮುಟ್ಟದ ದೂರದ ಪ್ರಯಾಣಗಳಿಗೆ ಒಂದು ವರ್ಷ ಆಗಿರಬೇಕು ಎಂಬ ನಿಯಮವೂ ಇದೆ.

ಎರಡು ಕ್ಯಾಬಿನ್ ತಗೊಳ್ಳುವ ಕುಟುಂಬಕ್ಕೆ ಒಂದು ಸಲಹೆ. ಬಾಲ್ಕನಿ ಕ್ಯಾಬಿನ್ ಅಜ್ಜ–ಅಜ್ಜಿಗೆ ಇರಲಿ. ಮಗು ಮಲಗುವುದು ಎದುರಿನ ಇನ್‌ಸೈಡ್ ಕ್ಯಾಬಿನ್‌ನಲ್ಲಿ. ಸಮುದ್ರ ನೋಡಬೇಕು ಅನ್ನಿಸಿದಾಗ ಎಲ್ಲರೂ ಬಾಲ್ಕನಿಗೆ ಹೋಗಬಹುದು. ರಾತ್ರಿ ಮಾತ್ರ ಮಗು ಮತ್ತು ಬಾಲ್ಕನಿ ಒಂದೇ ಕೋಣೆಯಲ್ಲಿ ಇರುವುದಿಲ್ಲ. ಖರ್ಚೂ ಉಳಿಯುತ್ತದೆ, ತಾಯಿಗೆ ನಿದ್ದೆಯೂ ಬರುತ್ತದೆ.

ಹಂತ 2: ಮನೆಯಲ್ಲೇ ಟೇಪ್ ಹಿಡಿದು ಅಳೆಯಿರಿ

ಇದನ್ನು ಯಾರೂ ಮಾಡುವುದಿಲ್ಲ. ಆದರೆ ಐದು ನಿಮಿಷದ ಈ ಕೆಲಸ ಕಲಿಸುವಷ್ಟು ಬೇರೆ ಯಾವುದೂ ಕಲಿಸುವುದಿಲ್ಲ.

ಹಡಗಿನ ತೆರೆದ ಡೆಕ್‌ಗಳ, ಅಂದರೆ ಅಂತಸ್ತುಗಳ, ರೇಲಿಂಗ್ ಕನಿಷ್ಠ 1 ಮೀಟರ್ ಎತ್ತರ ಇರಬೇಕು ಎಂದು 1966ರ ಅಂತಾರಾಷ್ಟ್ರೀಯ ಲೋಡ್ ಲೈನ್ ಒಪ್ಪಂದ ಹೇಳುತ್ತದೆ. ಅಮೆರಿಕದ ಬಂದರುಗಳಿಂದ ಜನರನ್ನು ಒಯ್ಯುವ ದೊಡ್ಡ ಕ್ರೂಸ್ ಹಡಗುಗಳಿಗೆ 2010ರ ಕಾನೂನು 42 ಇಂಚು ಎಂದು ನಿಗದಿ ಮಾಡಿದೆ. ಅಂದರೆ ಸುಮಾರು 107 ಸೆಂಟಿಮೀಟರ್.

ಈಗ ಮನೆಯ ಗೋಡೆಯಲ್ಲಿ 107 ಸೆಂಟಿಮೀಟರಿಗೆ ಒಂದು ಗೀಟು ಹಾಕಿ. ಮಗುವನ್ನು ಪಕ್ಕದಲ್ಲಿ ನಿಲ್ಲಿಸಿ. ನಾಲ್ಕು ವರ್ಷದ ಮಗು ಸುಮಾರು 100 ಸೆಂಟಿಮೀಟರ್ ಇರುತ್ತದೆ. ತಲೆ ಗೀಟಿಗಿಂತ ಕೆಳಗೇ ಉಳಿಯಿತು. ಸಮಾಧಾನ.

ಇನ್ನು ಊಟದ ಮೇಜಿನ ಒಂದು ಕುರ್ಚಿ ತಂದಿಡಿ. ಕೂರುವ ಹಲಗೆ ನೆಲದಿಂದ ಸುಮಾರು 45 ಸೆಂಟಿಮೀಟರ್ ಇರುತ್ತದೆ. ಮಗುವನ್ನು ಅದರ ಮೇಲೆ ನಿಲ್ಲಿಸಿ, ನೀವು ಗಟ್ಟಿ ಹಿಡಿದುಕೊಳ್ಳಿ. ಗೀಟು ಈಗ ಮಗುವಿನ ಎದೆಯ ಕೆಳಗೆ, ಹೊಟ್ಟೆಯ ಹತ್ತಿರ ಬಂತು. ಕುರ್ಚಿಯ ಕೈ ಮೇಲೆ ಕಾಲಿಟ್ಟರೆ ಗೀಟು ತೊಡೆಯ ಮಟ್ಟಕ್ಕೆ ಇಳಿಯುತ್ತದೆ. ಸಣ್ಣ ಮಕ್ಕಳ ತಲೆ ದೇಹದ ಅಳತೆಗೆ ಹೋಲಿಸಿದರೆ ದೊಡ್ಡದು, ಭಾರ ಮೇಲ್ಭಾಗದಲ್ಲೇ ಜಾಸ್ತಿ. ಬಗ್ಗಿದರೆ ಕಾಲು ತಾನಾಗಿ ಏಳುತ್ತದೆ.

ನಮ್ಮ ಕಡೆಯ ಮನೆಗಳಲ್ಲಿ ಇದು ಹೊಸ ಪಾಠವೇನಲ್ಲ. ಬಾವಿಕಟ್ಟೆಯ ಪಕ್ಕ ಬಕೆಟ್ ಮಗುಚಿ ಇಡಬೇಡ ಎಂದು ಅಜ್ಜಿಯಂದಿರು ಗದರಿಸುತ್ತಿದ್ದದ್ದು ಇದಕ್ಕೇ. ಕಟ್ಟೆ ಎಷ್ಟೇ ಎತ್ತರ ಕಟ್ಟಿದರೂ ಪಕ್ಕದಲ್ಲಿ ಮೆಟ್ಟಿಲಾಗುವ ವಸ್ತು ಇದ್ದರೆ ಅದು ಕಟ್ಟೆಯೇ ಅಲ್ಲ.

ಮನೆಯಲ್ಲಿ ಮಾಡಬಹುದಾದ ಇನ್ನೊಂದು ಕೆಲಸ ಅಭ್ಯಾಸ. "ಗಾಜಿನ ಬಾಗಿಲು ದಾಟಬೇಕಾದರೆ ದೊಡ್ಡವರ ಕೈ ಹಿಡಿಯಬೇಕು" ಎಂಬ ಒಂದೇ ನಿಯಮ ಇರಲಿ. ಹೊರಡುವ ಎರಡು ವಾರ ಮೊದಲಿನಿಂದ ಮನೆಯ ತಾರಸಿಯ ಬಾಗಿಲಲ್ಲೋ ಜಗಲಿಯ ಹೊಸಿಲಲ್ಲೋ ಇದನ್ನೇ ಆಡಿಸಿ. ಬೇಕಲ ಕೋಟೆಗೆ ಹೋದರೆ ಅಲ್ಲೂ ಮಾಡಿಸಿ. ಗಾಳಿ, ಎತ್ತರ, ಕೆಳಗೆ ಸಮುದ್ರ, ಎಲ್ಲವೂ ಅಲ್ಲಿದೆ. ಮಗು ಕೇಳುತ್ತದೆ ಎಂದು ನೆಚ್ಚಿ ಕೂರಲು ಇದನ್ನು ಹೇಳುತ್ತಿಲ್ಲ. ಮೂರು ವರ್ಷದ ಮಗು ನಿಯಮವನ್ನು ಬಾಯಿಪಾಠ ಒಪ್ಪಿಸುತ್ತದೆ, ಡಾಲ್ಫಿನ್ ಕಂಡ ಕೂಡಲೇ ಮರೆಯುತ್ತದೆ. ಅಭ್ಯಾಸ ಆಗಬೇಕಾದದ್ದು ದೊಡ್ಡವರಿಗೂ.

ಹಂತ 3: ಪೆಟ್ಟಿಗೆಯಲ್ಲಿ ಏನು ಹಾಕಬೇಕು

ಬ್ಯಾಟರಿಯ ಡೋರ್ ಅಲಾರಂ ಒಂದು. ಎರಡು ತುಂಡುಗಳ ಸಣ್ಣ ಸಾಧನ ಇದು. ಒಂದನ್ನು ಬಾಗಿಲಿಗೆ, ಇನ್ನೊಂದನ್ನು ಚೌಕಟ್ಟಿಗೆ ಅಂಟಿಸಬೇಕು. ಬಾಗಿಲು ಸರಿದರೆ ಕೀರಲು ಸದ್ದು ಬರುತ್ತದೆ. ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಸಿಗದಿದ್ದರೆ ಬಾಗಿಲ ಹಿಡಿಗೆ ಕಟ್ಟಲು ಒಂದು ಕಿರುಗಂಟೆ ಸಾಕು. ಮಗುವಿಗೆ ಕಾಲ್ಗೆಜ್ಜೆ ಹಾಕುವ ರೂಢಿ ಇದ್ದರೆ ಹಡಗಿನಲ್ಲಿ ತೆಗೆಯಬೇಡಿ.

ಮನೆಯಲ್ಲಿ ಕಪಾಟಿಗೆ ಹಾಕುವ ಅಂಟಿನ ಚೈಲ್ಡ್ ಲಾಕ್ ಇದ್ದರೆ ತಗೊಂಡು ಹೋಗಿ. ಆದರೆ ಅಂಟಿಸುವ ಮೊದಲು ಹಡಗಿನವರನ್ನು ಕೇಳಿ.

ರೇಲಿಂಗ್‌ಗೆ ಕಟ್ಟುವ ಬಲೆ ಒಯ್ಯಬೇಕಾ ಎಂದು ತುಂಬಾ ಜನ ಕೇಳುತ್ತಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಬಲೆ ಇದೆ ಎಂಬ ಧೈರ್ಯಕ್ಕೆ ದೊಡ್ಡವರ ಕಣ್ಣು ಆಚೆ ಹೋಗುತ್ತದೆ. ಸಮುದ್ರದ ಗಾಳಿಗೆ ಗಂಟು ಸಡಿಲವಾಗುತ್ತದೆ. ಬಲೆಯ ಕಣ್ಣಿಗೆ ಕಾಲಿಟ್ಟು ಹತ್ತುವ ಮಕ್ಕಳೂ ಇದ್ದಾರೆ. ಸೊಂಟಕ್ಕೆ ಕಟ್ಟುವ ಹಗ್ಗವನ್ನು ರೇಲಿಂಗ್‌ಗೆ ಕಟ್ಟುವುದಂತೂ ಬೇಡವೇ ಬೇಡ, ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯ ಇದೆ.

ಹಂತ 4: ಕ್ಯಾಬಿನ್‌ಗೆ ಕಾಲಿಟ್ಟ ಮೊದಲ ಹತ್ತು ನಿಮಿಷ

ಎಲ್ಲರಿಗೂ ಸಂಭ್ರಮದ ಹೊತ್ತು ಇದು. ಬಾಗಿಲು ತೆರೆದ ತಕ್ಷಣ ಎಲ್ಲರೂ ಬಾಲ್ಕನಿಗೆ ಓಡುತ್ತಾರೆ, ಮಗುವೂ ಓಡುತ್ತದೆ. ತಡೆಯಿರಿ. ಒಬ್ಬರು ಮಗುವನ್ನು ಎತ್ತಿಕೊಂಡು ಕೋಣೆಯ ಒಳಗೆ ಇರಲಿ. ಇನ್ನೊಬ್ಬರು ಹೊರಗೆ ಹೋಗಿ ಪರೀಕ್ಷೆ ಮಾಡಲಿ.

ನೋಡಬೇಕಾದ್ದು ಏನು? ಮಂಡಿಯೂರಿ ಮಗುವಿನ ಎತ್ತರಕ್ಕೆ ಬಗ್ಗಿ. ರೇಲಿಂಗ್ ಪೂರ್ತಿ ಗಾಜಿನದ್ದಾ, ಸರಳುಗಳದ್ದಾ? ಗಾಜಾದರೆ ಕೆಳಗಿನ ಸಂದು ಎಷ್ಟಿದೆ? ಸರಳಾದರೆ ನಡುವಿನ ಅಂತರ ಎಷ್ಟು? ನಿಮ್ಮ ಮುಷ್ಟಿ ಹೆಬ್ಬೆರಳ ಸಮೇತ ಸುಮಾರು 10 ಸೆಂಟಿಮೀಟರ್ ಅಗಲ. ಅದು ಸಲೀಸಾಗಿ ತೂರಿ ಇನ್ನೂ ಜಾಗ ಉಳಿದರೆ ಸಣ್ಣ ಮಗುವಿಗೆ ಅದು ಸರಿಯಲ್ಲ. ಅಡ್ಡ ಸರಳುಗಳಿದ್ದರೆ ಅವೇ ಏಣಿ.

ಪಕ್ಕದ ಬಾಲ್ಕನಿಗೂ ನಿಮ್ಮದಕ್ಕೂ ನಡುವೆ ಒಂದು ತಡಿಕೆ ಇರುತ್ತದೆ. ಅದರ ಕೆಳಗೆ ಕೆಲವು ಹಡಗುಗಳಲ್ಲಿ ಒಂದು ಗೇಣಿನಷ್ಟು ಸಂದು ಬಿಟ್ಟಿರುತ್ತಾರೆ. ಅಂಬೆಗಾಲಿಡುವ ಮಗು ಅದರಡಿ ನುಸುಳೀತಾ ನೋಡಿ. ನಿಮ್ಮ ಕಡೆ ಕುರ್ಚಿ ತೆಗೆಸಿದ್ದರೂ ಪಕ್ಕದವರ ಕುರ್ಚಿ ರೇಲಿಂಗ್‌ಗೆ ತಾಗಿಯೇ ಇರಬಹುದು. ಎರಡು ಕ್ಯಾಬಿನ್ ಬುಕ್ ಮಾಡಿದವರು ನಡುವಿನ ತಡಿಕೆಯನ್ನು ತೆರೆಸಿಕೊಳ್ಳುವುದುಂಟು. ಸಣ್ಣ ಮಗು ಇದ್ದರೆ ಮುಚ್ಚಿಯೇ ಇರಲಿ. ತೆರೆಸಿದರೆ ಕಾವಲು ಕಾಯಬೇಕಾದ ಬಾಗಿಲು ಎರಡಾಗುತ್ತವೆ.

ಸಂದು ದೊಡ್ಡದಿದೆ, ಲಾಕ್ ಸರಿ ಕೂರುತ್ತಿಲ್ಲ ಅನ್ನಿಸಿದರೆ ಸಂಕೋಚ ಬೇಡ. ಆಗಲೇ ಗೆಸ್ಟ್ ಸರ್ವೀಸಸ್‌ಗೆ, ಅಂದರೆ ಹಡಗಿನ ರಿಸೆಪ್ಷನ್‌ಗೆ ಫೋನ್ ಮಾಡಿ ಹೇಳಿ. ಹಡಗು ಹೊರಡುವ ಮೊದಲೇ ಹೇಳಿದರೆ ರಿಪೇರಿಯವರು ಬರುವುದೂ, ಕ್ಯಾಬಿನ್ ಬದಲಿಸುವುದೂ ಸುಲಭ.

ಹಂತ 5: ಬಾಗಿಲು

ಬಾಲ್ಕನಿ ಬಾಗಿಲು ಎರಡು ಥರ. ಪಕ್ಕಕ್ಕೆ ಸರಿಯುವುದು ಒಂದು, ತಿರುಗಣೆಯ ಮೇಲೆ ತೆರೆಯುವುದು ಇನ್ನೊಂದು. ಎರಡೂ ಭಾರ. ಆದರೂ ಮೂರು–ನಾಲ್ಕು ವರ್ಷದ ಮಗು ಮೈ ಒತ್ತಿ ತಳ್ಳಿದರೆ ಸರಿಯುವ ಬಾಗಿಲು ಬೇಕಾದಷ್ಟಿವೆ. "ಅವನಿಂದ ಆಗಲ್ಲ" ಎಂದು ಅಂದಾಜು ಮಾಡಬೇಡಿ.

ಬಹಳಷ್ಟು ಹಡಗುಗಳಲ್ಲಿ ಹಿಡಿಯ ಲಾಕ್ ಅಲ್ಲದೆ, ಬಾಗಿಲಿನ ಮೇಲ್ಭಾಗದಲ್ಲಿ ಇನ್ನೊಂದು ಚಿಲಕ ಇರುತ್ತದೆ. ಮಕ್ಕಳ ಕೈಗೆ ಎಟುಕಬಾರದು ಎಂದೇ ಅಷ್ಟು ಎತ್ತರದಲ್ಲಿ ಇಟ್ಟದ್ದು. ಕ್ಯಾಬಿನ್ ತೋರಿಸುವವರನ್ನು ಕೇಳಿ, ಅದನ್ನು ಹಾಕುವುದು ಹೇಗೆಂದು ಎಲ್ಲ ದೊಡ್ಡವರೂ ಒಮ್ಮೆ ಮಾಡಿ ನೋಡಿ. ಅಜ್ಜಿಗೂ ಕಲಿಸಿ.

ಇಲ್ಲೊಂದು ಎಡವಟ್ಟು ಆಗುತ್ತದೆ. ಕ್ಯಾಬಿನ್ ಸಣ್ಣ ಕೋಣೆ. ಸೋಫಾ ಅಥವಾ ಮಂಚ ಸಾಮಾನ್ಯವಾಗಿ ಬಾಲ್ಕನಿ ಬಾಗಿಲಿಗೆ ಅಂಟಿಕೊಂಡೇ ಇರುತ್ತದೆ. ನೆಲದಿಂದ ಎಟುಕದ ಚಿಲಕ ಸೋಫಾದ ಕೈ ಮೇಲೆ ನಿಂತರೆ ಎಟುಕುತ್ತದೆ. ಸೂಟ್‌ಕೇಸ್ ಮೇಲೆ ನಿಂತರೂ ಎಟುಕುತ್ತದೆ. ಹಡಗಿನ ಮಂಚದ ಕೆಳಗೆ ಪೆಟ್ಟಿಗೆ ಇಡಲು ಜಾಗ ಇರುತ್ತದೆ, ಎಲ್ಲವನ್ನೂ ಅಲ್ಲಿಗೆ ತಳ್ಳಿಬಿಡಿ. ಮಗುವಿನ ತೊಟ್ಟಿಲು ಮಂಚ ತರಿಸಿಕೊಂಡರೆ ಬಾಲ್ಕನಿಯಿಂದ ದೂರ, ಒಳಗೋಡೆಯ ಕಡೆ ಹಾಕಿಸಿ.

ಇನ್ನು ಗಾಳಿಯ ವಿಷಯ. ಕಾರಿಡಾರಿನ ಬಾಗಿಲು, ಬಾಲ್ಕನಿ ಬಾಗಿಲು ಎರಡೂ ಒಟ್ಟಿಗೆ ತೆರೆದರೆ ಗಾಳಿ ಸುಯ್ಯೆಂದು ನುಗ್ಗುತ್ತದೆ. ಭಾರದ ಬಾಗಿಲು ಧಡಾರೆಂದು ಬಡಿಯುತ್ತದೆ. ಮಗುವಿನ ಬೆರಳು ಚೌಕಟ್ಟಿನಲ್ಲಿದ್ದರೆ ಜಜ್ಜಿ ಹೋಗುತ್ತದೆ. ಯಾರಾದರೂ ಹೊರಗಿನಿಂದ ಬರುವಾಗ ಬಾಲ್ಕನಿ ಬಾಗಿಲು ಮುಚ್ಚಿದೆಯಾ ಎಂದು ಕೇಳಿ ಒಳಗೆ ಬನ್ನಿ. ಬಾಗಿಲ ಕೆಳಗೆ ಎತ್ತರದ ಹೊಸಿಲು ಇರುತ್ತದೆ, ನಡೆಯಲು ಕಲಿಯುತ್ತಿರುವ ಮಕ್ಕಳು ಎಡವುವುದು ಅಲ್ಲೇ.

ಹಲವು ಹಡಗುಗಳಲ್ಲಿ ಬಾಲ್ಕನಿ ಬಾಗಿಲು ತೆರೆದರೆ ಎಸಿ ತಾನಾಗಿ ನಿಲ್ಲುತ್ತದೆ. ಇದನ್ನು ಕಿರಿಕಿರಿ ಅಂದುಕೊಂಡು, ಬಾಗಿಲು ಮುಚ್ಚಿದೆ ಎಂದು ತೋರುವ ಹಾಗೆ ಆಯಸ್ಕಾಂತ ಅಂಟಿಸಿ ಮೋಸ ಮಾಡುವವರಿದ್ದಾರೆ. ಮಗು ಇರುವವರು ಹಾಗೆ ಮಾಡಲೇಬೇಡಿ. ಎಸಿಯ ಸದ್ದು ನಿಂತಿತು ಎಂದರೆ ಬಾಗಿಲು ತೆರೆದಿದೆ ಎಂದೇ ಅರ್ಥ. ಪುಕ್ಕಟೆ ಸಿಗುವ ಎಚ್ಚರಿಕೆ ಅದು.

ಹಂತ 6: ಕುರ್ಚಿ, ಟೀಪಾಯಿ ಹೊರಗೆ ಹಾಕಿಸಿ

ಬಾಲ್ಕನಿಯಲ್ಲಿ ಸಾಮಾನ್ಯವಾಗಿ ಎರಡು ಕುರ್ಚಿ, ಒಂದು ಸಣ್ಣ ಟೀಪಾಯಿ ಇರುತ್ತವೆ. ಜಾಗ ಇಕ್ಕಟ್ಟು. ಗೋಡೆಗೆ ಒತ್ತಿ ಇಟ್ಟರೂ ರೇಲಿಂಗ್ ಒಂದು ಹೆಜ್ಜೆ ದೂರದಲ್ಲೇ ಇರುತ್ತದೆ. ಕುರ್ಚಿಗಳು ಹಗುರ, ಮಗು ಎಳೆದುಕೊಂಡು ಹೋಗುತ್ತದೆ. ಅಲೆ ಜಾಸ್ತಿ ಇದ್ದ ದಿನ ತಾನಾಗಿಯೂ ಸರಿಯುತ್ತವೆ.

ಹಾಗಾಗಿ ಪೂರ್ತಿ ತೆಗೆಸಿಬಿಡಿ. ನಿಮ್ಮ ಕ್ಯಾಬಿನ್ ನೋಡಿಕೊಳ್ಳುವವರನ್ನು ಸ್ಟುವರ್ಡ್ ಅನ್ನುತ್ತಾರೆ. ಮೊದಲ ದಿನವೇ ಅವರಾಗಿ ಬಂದು ಪರಿಚಯ ಮಾಡಿಕೊಳ್ಳುತ್ತಾರೆ. "ಸ್ಮಾಲ್ ಚೈಲ್ಡ್, ಪ್ಲೀಸ್ ಟೇಕ್ ಔಟ್ ಬಾಲ್ಕನಿ ಚೇರ್ಸ್" ಎಂದರೆ ಸಾಕು, ಅವರಿಗೆ ಅರ್ಥವಾಗುತ್ತದೆ. ಸ್ಟುವರ್ಡ್ ನಮ್ಮ ಕಡೆಯವರೇ ಆಗಿದ್ದರೆ ಮಲಯಾಳವೋ ತುಳುವೋ ನಡೆದೀತು. ಉದುಮ, ಪಾಲಕುನ್ನು ಸುತ್ತಮುತ್ತ ಹಡಗಿನಲ್ಲಿ ದುಡಿಯುವವರ ಮನೆಗಳು ಎಷ್ಟಿವೆ ಎಂದು ಕಾಸರಗೋಡಿನವರಿಗೆ ನಾನು ಹೇಳಬೇಕಾಗಿಲ್ಲ.

ಬೇರೆಡೆ ಇಡಲು ಜಾಗ ಇಲ್ಲ ಎಂದರೆ ಕುರ್ಚಿಗಳನ್ನು ಕೋಣೆಯ ಒಳಗೇ ತಂದಿಟ್ಟುಕೊಳ್ಳಿ. ದೊಡ್ಡವರು ಕೂರುವಾಗ ಒಯ್ಯಿರಿ, ಏಳುವಾಗ ತನ್ನಿ. ಬೇಜಾರಿನ ಕೆಲಸ, ನಿಜ. ಆದರೂ ಮಾಡಿ.

ಕುರ್ಚಿ ಹೋಯಿತು ಎಂದು ನಿರಾಳ ಆಗುವ ಹಾಗಿಲ್ಲ. ಮಡಚಿದ ಸ್ಟ್ರೋಲರ್, ನೀರಿನ ಬಾಟಲಿಯ ಕಟ್ಟು, ಬೀಚ್ ಬ್ಯಾಗ್, ಆಟಿಕೆ ಡಬ್ಬಿ ಯಾವುದೂ ಬಾಲ್ಕನಿಯಲ್ಲಿ ಉಳಿಯಬಾರದು. ಒದ್ದೆ ಬಟ್ಟೆ ಒಣಗಿಸುವ ಆಸೆಯನ್ನೂ ಬಿಡಿ. ಮಗುವಿನ ಬಟ್ಟೆ ದಿನಕ್ಕೆ ಹತ್ತು ಬಾರಿ ಒದ್ದೆಯಾಗುತ್ತದೆ ಎಂದು ಗೊತ್ತು. ಆದರೆ ರೇಲಿಂಗ್ ಮೇಲೆ ಬಟ್ಟೆ ಹಾಕಬೇಡಿ ಎಂದು ಹಡಗಿನವರೇ ಹೇಳುತ್ತಾರೆ, ಗಾಳಿಗೆ ಹಾರಿ ಹೋಗುತ್ತದೆ. ಅಮ್ಮ ಬಟ್ಟೆ ಹರವುವಾಗ ಬಾಗಿಲು ತೆರೆದಿರುತ್ತದೆ, ಎರಡು ಕೈಯೂ ಕೆಲಸದಲ್ಲಿರುತ್ತವೆ, ಬೆನ್ನು ಮಗುವಿನ ಕಡೆ ಇರುತ್ತದೆ. ಬಚ್ಚಲುಮನೆಯಲ್ಲಿ ಎಳೆದು ಕಟ್ಟುವ ದಾರ ಇರುತ್ತದೆ, ಅಲ್ಲಿ ಹಾಕಿ.

ಹಂತ 7: ಎತ್ತಿ ತೋರಿಸಬೇಡಿ

ಈ ಹಂತವನ್ನು ಗುಂಪಿನ ಪ್ರತಿಯೊಬ್ಬ ದೊಡ್ಡವರೂ ಓದಬೇಕು. ಮೊಮ್ಮಗುವನ್ನು ಎತ್ತಿ ಆಡಿಸುವ ಅಜ್ಜಂದಿರು, ಮಾವಂದಿರು ಮುಖ್ಯವಾಗಿ ಓದಬೇಕು.

2019ರ ಜುಲೈಯಲ್ಲಿ ಪೋರ್ಟೊ ರಿಕೊದ ಸಾನ್ ಹ್ವಾನ್ ಬಂದರಿನಲ್ಲಿ ನಿಂತಿದ್ದ ಹಡಗಿನ 11ನೇ ಡೆಕ್‌ನಿಂದ ಒಂದೂವರೆ ವರ್ಷದ ಹೆಣ್ಣುಮಗು ಬಿದ್ದು ತೀರಿಕೊಂಡಿತು. ಮಗು ತಾನಾಗಿ ಹತ್ತಿರಲಿಲ್ಲ. ಅಜ್ಜ ಕಿಟಕಿಯ ಹತ್ತಿರ ಎತ್ತಿ ಹಿಡಿದಿದ್ದರು. ಅಲ್ಲಿ ಗಾಜು ಇದೆ ಎಂದುಕೊಂಡಿದ್ದೆ ಎಂದರು. ಕಿಟಕಿ ತೆರೆದಿತ್ತು. 2025ರ ಜೂನ್‌ನಲ್ಲಿ ಬಹಾಮಾಸ್‌ನಿಂದ ಫ್ಲೋರಿಡಾಕ್ಕೆ ಮರಳುತ್ತಿದ್ದ ಹಡಗಿನಿಂದ ಐದು ವರ್ಷದ ಹುಡುಗಿ ನೀರಿಗೆ ಬಿದ್ದಳು. ಫೋಟೊಕ್ಕೆಂದು ರೇಲಿಂಗ್ ಮೇಲೆ ಕೂತಿದ್ದಳು, ಹಿಂದಕ್ಕೆ ವಾಲಿದಳು ಎಂದು ಅಲ್ಲಿನ ಪೊಲೀಸರು ಹೇಳಿದರು. ತಂದೆ ಹಿಂದೆಯೇ ಹಾರಿದರು. ಹಡಗಿನ ರಕ್ಷಣಾ ದೋಣಿ ಹೋಗಿ ಇಬ್ಬರನ್ನೂ ಜೀವಂತ ಎತ್ತಿತು.

ಎರಡೂ ಕ್ಯಾಬಿನ್ ಬಾಲ್ಕನಿಯಲ್ಲಿ ಆದದ್ದಲ್ಲ. ಎರಡರಲ್ಲೂ ಮನೆಯವರು ಮಗುವಿನ ಪಕ್ಕದಲ್ಲೇ ಇದ್ದರು. ಆ ಕುಟುಂಬಗಳ ಮೇಲೆ ಕಲ್ಲೆಸೆಯಲು ಇದನ್ನು ಬರೆಯುತ್ತಿಲ್ಲ. ಮಗುವಿನ ಮೇಲೆ ಜೀವ ಇಟ್ಟುಕೊಂಡವರೇ ಅವರೂ. ಅದಕ್ಕೇ ಇದು ನಮ್ಮೆಲ್ಲರ ವಿಷಯ.

ಹಾಗಾಗಿ ಬಾಲ್ಕನಿಯಲ್ಲಿ ಮಗುವಿನ ಎರಡೂ ಕಾಲು ಯಾವಾಗಲೂ ನೆಲದ ಮೇಲೆ ಇರಬೇಕು. ಹೆಗಲ ಮೇಲೆ ಕೂರಿಸುವುದಿಲ್ಲ. ಸೊಂಟದ ಮೇಲೆ ಎತ್ತಿಕೊಂಡು ರೇಲಿಂಗ್‌ಗೆ ಒರಗುವುದಿಲ್ಲ. ಮಗು ಒಮ್ಮೆಲೇ ಬೆನ್ನು ಹಿಂದಕ್ಕೆ ಬಾಗಿಸಿ ಜಿಗಿಯುವುದನ್ನು ಮಕ್ಕಳನ್ನು ಸಾಕಿದವರೆಲ್ಲ ಕಂಡಿದ್ದಾರೆ, ಅಲ್ವಾ? ಎತ್ತಿಕೊಳ್ಳಲೇಬೇಕಾದರೆ ಬಾಗಿಲ ಹತ್ತಿರ, ಗೋಡೆಗೆ ಬೆನ್ನು ಕೊಟ್ಟು ಕೂತು ತೊಡೆಯ ಮೇಲೆ ಇಟ್ಟುಕೊಳ್ಳಿ. ಗಾಜಿನ ರೇಲಿಂಗ್ ಆದರೆ ಎತ್ತುವ ಅಗತ್ಯವೇ ಇಲ್ಲ, ಮಗುವಿಗೆ ನಿಂತಲ್ಲಿಂದಲೇ ಅಲೆ ಕಾಣುತ್ತದೆ.

ಫೋಟೊ ಕೋಣೆಯ ಒಳಗಿನಿಂದ ತೆಗೆಯಿರಿ. ಮಗು ಬಾಗಿಲ ಒಳಗೆ, ಹಿಂದೆ ಸಮುದ್ರ. ಚೆನ್ನಾಗಿಯೇ ಬರುತ್ತದೆ.

ಮಗುವನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂಬುದು ಬಾಯಲ್ಲಿ ಹೇಳಿ ಆಗಬೇಕು. ಹತ್ತು ಜನ ಇರುವಲ್ಲಿ ಎಲ್ಲರೂ ನೋಡಿಕೊಳ್ಳುತ್ತಾರೆ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಮದುವೆ ಮನೆಯಲ್ಲಿ ಆಗುವುದೂ ಇದೇ. "ಅಪ್ಪಾ, ನಾನು ಸ್ನಾನಕ್ಕೆ ಹೋಗುತ್ತೇನೆ, ಮಗು ನಿಮ್ಮ ಹತ್ತಿರ." "ಆಯ್ತು ಮಗಳೇ, ನನ್ನ ಹತ್ತಿರ ಇದೆ." ಎರಡನೆಯ ಮಾತು ಕೇಳಿಸುವವರೆಗೆ ಅಮ್ಮ ಅಲ್ಲಿಂದ ಕದಲಬಾರದು. ಮಗುವಿನ ಹೊಣೆ ಇರುವವರ ಕೈಯಲ್ಲಿ ಫೋನ್ ಬೇಡ.

ದೊಡ್ಡವರಿಗೂ ಬಾಲ್ಕನಿಯ ಸುಖ ಬೇಕು. ಅದಕ್ಕೆ ಮಕ್ಕಳ ಕ್ಲಬ್ ಬಳಸಿ. ಸಾಮಾನ್ಯವಾಗಿ ಮೂರು ವರ್ಷ ತುಂಬಿದ, ಡೈಪರ್ ಬಿಟ್ಟ ಮಕ್ಕಳನ್ನು ಅಲ್ಲಿ ಸೇರಿಸಿಕೊಳ್ಳುತ್ತಾರೆ. ಮಗು ಅಲ್ಲಿ ಆಡುವಾಗ ನೀವು ಇಲ್ಲಿ ಚಹಾ ಕುಡಿಯಿರಿ.

ರಾತ್ರಿಗೆ ಒಂದೇ ಮಾತು. ಮಲಗುವ ಮೊದಲು ಕೆಳಗಿನ ಲಾಕ್, ಮೇಲಿನ ಚಿಲಕ, ಅಲಾರಂ ಮೂರನ್ನೂ ಒಬ್ಬರು ಕೈಯಿಂದ ಮುಟ್ಟಿ ನೋಡಲಿ. ಮಕ್ಕಳು ದೊಡ್ಡವರಿಗಿಂತ ಮೊದಲೇ ಏಳುತ್ತಾರೆ.

ಹಂತ 8: ಬಾಲ್ಕನಿ ಬಿಟ್ಟು ಹೊರಗೆ

ತೆರೆದ ಡೆಕ್‌ಗಳಲ್ಲೂ ಇದೇ ನಿಯಮ. ಇನ್ನೊಂದು ವಿಷಯ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಸರ್ಕಾರಿ ಪ್ರಯಾಣಿಕ ಹಡಗಿನಲ್ಲಿ ಹೋಗುವವರಿಗೆ. ಅಲ್ಲಿ ನೋಡಬೇಕಾದದ್ದು ಡೆಕ್‌ನ ಸರಳುಗಳು. ಮೇಲೆ ಹೇಳಿದ ಲೋಡ್ ಲೈನ್ ನಿಯಮದ ಪ್ರಕಾರ ಕೆಳಗಿನ ಸಂದು 23 ಸೆಂಟಿಮೀಟರ್, ಮೇಲಿನ ಸರಳುಗಳ ನಡುವೆ 38 ಸೆಂಟಿಮೀಟರ್‌ವರೆಗೂ ಇರಬಹುದು. ದೊಡ್ಡವರನ್ನು ಲೆಕ್ಕಕ್ಕಿಟ್ಟು ಮಾಡಿದ ಅಳತೆ ಅದು. ಎರಡು ವರ್ಷದ ಮಗು ಅದರ ನಡುವೆ ತೂರುತ್ತದೆ. ಬಲೆಯೋ ತಗಡೋ ಇಲ್ಲದ ಜಾಗದಲ್ಲಿ ಮಗುವನ್ನು ಕೆಳಗೆ ಬಿಡಬೇಡಿ.

ಹಡಗು ಹೊರಡುವ ಮೊದಲು ಮಸ್ಟರ್ ಡ್ರಿಲ್ ಎಂಬ ತಾಲೀಮು ಇರುತ್ತದೆ. ಅವಘಡವಾದರೆ ಯಾರು ಎಲ್ಲಿ ಸೇರಬೇಕು ಎಂದು ತೋರಿಸುತ್ತಾರೆ. ಮಗು ಅಳುತ್ತದೆ ಎಂದು ತಪ್ಪಿಸಿಕೊಳ್ಳಬೇಡಿ. ಲೈಫ್ ಜಾಕೆಟ್‌ನಲ್ಲೂ ಅಳತೆ ಇದೆ: 15 ಕಿಲೋಗಿಂತ ಕಡಿಮೆ ತೂಕದ ಶಿಶುವಿಗೆ ಬೇರೆ, 15ರಿಂದ 43 ಕಿಲೋ ತೂಗುವ ಮಕ್ಕಳಿಗೆ ಬೇರೆ. ಕ್ಯಾಬಿನ್‌ನ ಕಪಾಟಿನಲ್ಲಿ ಬರೀ ದೊಡ್ಡವರದ್ದು ಇದ್ದರೆ ಮಗುವಿನದ್ದು ಎಲ್ಲಿ ಸಿಗುತ್ತದೆ ಎಂದು ಅಂದೇ ಕೇಳಿ ತಿಳಿದುಕೊಳ್ಳಿ.

ಹಂತ 9: ಮಗು ಕಾಣಿಸದಿದ್ದರೆ, ಅಥವಾ ಬಿದ್ದರೆ

ಬರೆಯಲು ಮನಸ್ಸು ಬರುವುದಿಲ್ಲ. ಆದರೆ ಗೊತ್ತಿರಬೇಕು.

ಮಗು ಕಾಣಿಸದಿದ್ದರೆ ಮೊದಲು ಬಾಲ್ಕನಿ ನೋಡಿ. ಆಮೇಲೆ ಬಚ್ಚಲು, ಮಂಚದ ಕೆಳಗೆ, ಕಪಾಟು. ಸಿಗದಿದ್ದರೆ ಕಾರಿಡಾರಿನಲ್ಲಿ ನೀವೇ ಹುಡುಕುತ್ತಾ ಹೊತ್ತು ಕಳೆಯಬೇಡಿ. ತುರ್ತು ನಂಬರ್ ಕ್ಯಾಬಿನ್‌ನ ಫೋನಿನ ಮೇಲೇ ಬರೆದಿರುತ್ತದೆ, ಕರೆ ಮಾಡಿ. ವಯಸ್ಸು, ಬಟ್ಟೆಯ ಬಣ್ಣ, ಕೊನೆಗೆ ಎಲ್ಲಿ ನೋಡಿದಿರಿ, ಈ ಮೂರನ್ನು ಹೇಳಿ. ಪ್ರತಿ ಬೆಳಿಗ್ಗೆ ಮಗುವಿನ ಒಂದು ಫೋಟೊ ತೆಗೆದಿಟ್ಟರೆ ಬಟ್ಟೆಯ ಬಣ್ಣ ನೆನಪು ಮಾಡಿಕೊಳ್ಳುವ ಒದ್ದಾಟ ಇರುವುದಿಲ್ಲ.

ಯಾರೇ ನೀರಿಗೆ ಬಿದ್ದರೂ "ಮ್ಯಾನ್ ಓವರ್‌ಬೋರ್ಡ್" ಎಂದು ಗಟ್ಟಿಯಾಗಿ ಕೂಗಿ. ಮನುಷ್ಯ ನೀರಿಗೆ ಬಿದ್ದಿದ್ದಾನೆ ಎಂಬುದಕ್ಕೆ ಹಡಗಿನ ಎಲ್ಲ ಸಿಬ್ಬಂದಿಗೂ ಗೊತ್ತಿರುವ ಮಾತು ಅದು. ಒಬ್ಬರು ಬೆರಳು ತೋರಿಸುತ್ತಾ ನಿಲ್ಲಬೇಕು. ಏನೇ ಆದರೂ ಕಣ್ಣು ತೆಗೆಯಬಾರದು, ಅಲೆಗಳ ನಡುವೆ ಸಣ್ಣ ತಲೆ ಕ್ಷಣದಲ್ಲಿ ಮರೆಯಾಗುತ್ತದೆ. ಇನ್ನೊಬ್ಬರು ತೇಲುವ ವಸ್ತು ಏನಿದ್ದರೂ ಎಸೆಯಲಿ. ಡೆಕ್‌ನಲ್ಲಿ ಗೋಡೆಗೆ ನೇತುಹಾಕಿದ ದುಂಡಗಿನ ಲೈಫ್‌ಬಾಯ್ ಇದಕ್ಕೇ ಇರುವುದು. ಬಾಲ್ಕನಿಯಾದರೆ ಲೈಫ್ ಜಾಕೆಟ್, ದಿಂಬು. ಹುಡುಕುವವರಿಗೆ ಜಾಗದ ಗುರುತೂ ಆಗುತ್ತದೆ. ಮೂರನೆಯವರು ಫೋನ್ ಮಾಡಲಿ. ಓಡುತ್ತಿರುವ ದೊಡ್ಡ ಹಡಗು ನಿಂತಲ್ಲೇ ನಿಲ್ಲುವುದಿಲ್ಲ, ತಿರುಗಿ ಬರಲು ಹೊತ್ತು ಬೇಕು. ಅದಕ್ಕೇ ಒಂದೊಂದು ಸೆಕೆಂಡೂ ಮುಖ್ಯ.

ಹಾರಬೇಡಿ ಎಂದು ಹೆತ್ತವರಿಗೆ ಹೇಳುವುದು ಸುಲಭವಲ್ಲ. ಆದರೂ ಹೇಳುತ್ತೇನೆ. ಬಾಲ್ಕನಿಗಳು ನೀರಿನಿಂದ ಹಲವು ಅಂತಸ್ತು ಮೇಲಿರುತ್ತವೆ. ಆ ಎತ್ತರದಿಂದ ನೀರಿಗೆ ಬಿದ್ದರೆ ಈಜು ಬಲ್ಲವರಿಗೂ ಮೂಳೆ ಮುರಿಯಬಹುದು. ಆಮೇಲೆ ದೋಣಿಯವರು ಇಬ್ಬರನ್ನು ಹುಡುಕಬೇಕು, ಮಗುವಿನ ಕಡೆ ಬೆರಳು ತೋರಿಸಲು ಯಾರೂ ಇರುವುದಿಲ್ಲ.

ಹಂತ 10: ಇಳಿಯುವ ದಿನ

ಎಚ್ಚರ ತಪ್ಪುವುದು ಕೊನೆಯ ದಿನ ಬೆಳಿಗ್ಗೆ. ದೊಡ್ಡ ಪೆಟ್ಟಿಗೆಗಳನ್ನು ಹಿಂದಿನ ರಾತ್ರಿಯೇ ಕಾರಿಡಾರಿನಲ್ಲಿ ಇಡಬೇಕಾಗುತ್ತದೆ, ಹಾಗಾಗಿ ಕ್ಯಾಬಿನ್ ಬಾಗಿಲು ಪದೇ ಪದೇ ತೆರೆಯುತ್ತದೆ. ಬೆಳಿಗ್ಗೆ ಬಂದರು ಕಾಣುತ್ತದೆ ಎಂದು ಬಾಲ್ಕನಿ ಬಾಗಿಲನ್ನೂ ತೆರೆದಿಡುತ್ತಾರೆ. ಒಬ್ಬರು ಪಾಸ್‌ಪೋರ್ಟ್ ಹುಡುಕುತ್ತಿರುತ್ತಾರೆ, ಒಬ್ಬರು ಚಾರ್ಜರ್. ತುಂಬಿಟ್ಟ ಕೈಚೀಲಗಳು ಮೆಟ್ಟಿಲ ಹಾಗೆ ಕೋಣೆ ತುಂಬಾ ಬಿದ್ದಿರುತ್ತವೆ. ಡೋರ್ ಅಲಾರಂ ಅಷ್ಟರಲ್ಲಿ ಪೆಟ್ಟಿಗೆ ಸೇರಿರುತ್ತದೆ.

ಆ ದಿನ ಒಬ್ಬರಿಗೆ ಮಗುವನ್ನು ನೋಡಿಕೊಳ್ಳುವ ಕೆಲಸ ಬಿಟ್ಟು ಬೇರೆ ಏನೂ ಕೊಡಬೇಡಿ. ಅವರು ಮಗುವನ್ನು ಕರೆದುಕೊಂಡು ತಿಂಡಿಗೆ ಹೋಗಿಬಿಡಲಿ, ಉಳಿದವರು ಸಾಮಾನು ಕಟ್ಟಲಿ. ಅಲಾರಂ ಕಡೆಗೆ ಬಿಚ್ಚಿ, ಕೈಚೀಲದಲ್ಲಿ ಹಾಕಿಕೊಳ್ಳಿ. ಮೇಲಿನ ಚಿಲಕ ಕೊನೆಯವರು ಕ್ಯಾಬಿನ್‌ನಿಂದ ಹೊರಬೀಳುವವರೆಗೂ ಹಾಕಿಯೇ ಇರಲಿ.